ಊರು ಬಿಡದವರ ಅಡ್ಡಹೆಸರು

ನಮ್ಮ ಕಟ್ಟಡದ ಕೆಳಗಿನ ಪಡಸಾಲೆಯಲ್ಲಿ ಟಪಾಲು ಪೆಟ್ಟಿಗೆಗಳ ಒಂದು ಸಾಲಿದೆ. ಪ್ರತಿ ಪೆಟ್ಟಿಗೆಯ ನೆತ್ತಿಯ ಮೇಲೂ ಮನೆಯವರ ಅಡ್ಡಹೆಸರನ್ನು ಬರೆದು ಸಿಕ್ಕಿಸುವುದಕ್ಕೆ ಒಂದು ಸಣ್ಣ ಪಟ್ಟಿ. ಈ ಪಟ್ಟಿಯ ಅಳತೆಯನ್ನು ನಿಗದಿಪಡಿಸಿದ ಪುಣ್ಯಾತ್ಮ ಜಗತ್ತಿನ ಸಮಸ್ತ ಜನರೂ ಲೀ, ಕಿಮ್, ರಾವ್ ಎಂಬ ಮಿತಾಕ್ಷರಿಗಳೇ ಎಂದು ನಂಬಿದ್ದನೆಂದು ತೋರುತ್ತದೆ. ನಮ್ಮದು ಹಿತ್ತಲಮನಿ. ಇಂಗ್ಲಿಷಿನಲ್ಲಿ ಅದು ಕಾಲು ಚಾಚಿ ಮಲಗಿತೆಂದರೆ ಪಾದ ಪಟ್ಟಿಯ ಆಚೆಗೆ ಬರುತ್ತದೆ. ಕಟ್ಟಡದ ಮ್ಯಾನೇಜರು ಅದನ್ನು ಕತ್ತರಿಯಿಂದ ನಿರ್ದಾಕ್ಷಿಣ್ಯವಾಗಿ ಛೇದಿಸಿದ್ದಾಳೆ. ಇದರಿಂದ ನಾನು ಕೊರಗದೆ ಇದ್ದುದಕ್ಕೆ ಕಾರಣ ನನ್ನ ಪೆಟ್ಟಿಗೆಯ ಕೆಳಗಿನ ಪೆಟ್ಟಿಗೆ. ಅದು ಕೆಳಮನೆಯ ಡೋರೀನ್ ಅವರದು. ಅವರ ಅಡ್ಡಹೆಸರು ಹೇಥಾರ್ನ್‌ಥ್ವೇಟ್. ಪಟ್ಟಿಯ ಮೇಲೆ ಹೇಥಾರ್ನ್ ಮಾತ್ರ ಉಳಿದು, ಥ್ವೇಟ್ ಕತ್ತರಿಯ ಪಾಲಾಗಿತ್ತು. ನನಗಿಂತ ಹೆಚ್ಚು ನಷ್ಟವಾದವರು ನೆರೆಯಲ್ಲೇ ಇದ್ದರೆ ಮನಸ್ಸಿಗೆ ಎಂಥ ಸಮಾಧಾನ, ನೀವೇ ಹೇಳಿ.

ಅಡ್ಡಹೆಸರು ನನ್ನ ಹಳೆಯ ಹುಚ್ಚು. ನಾನು ಗದಗಿನ ಕಡೆಯವನು. ನಮ್ಮ ಸೀಮೆಯಲ್ಲಿ ಮನುಷ್ಯನ ಹೆಸರು ಬರೀ ಅಲಂಕಾರ, ಅಡ್ಡಹೆಸರೇ ಆಧಾರ. ಉಳ್ಳಾಗಡ್ಡಿಯವರು ಮೆಣಸಿನಕಾಯಿಯವರ ಮನೆಗೆ ಹೆಣ್ಣು ಕೊಟ್ಟು, ಬೆಲ್ಲದವರನ್ನು ಮಧ್ಯಸ್ಥಿಕೆಗೆ ಕರೆದು ಅಡುಗೆಮನೆಯನ್ನೇ ಕಲ್ಯಾಣಮಂಟಪಕ್ಕೆ ಸಾಗಿಸಬಲ್ಲ ನಾಡು ಅದು. ಇಲ್ಲಿಗೆ, ಅಮೆರಿಕದ ಸಿಯಾಟಲ್ ಪಕ್ಕಕ್ಕೆ ಬಂದ ಮೇಲೂ ನಾನು ಈ ವ್ಯಸನವನ್ನು ಬಿಡಲಿಲ್ಲ. ಬಾತೆಲ್‌ನ ನಾರ್ತ್ ಕ್ರೀಕಿನ ಆಫೀಸಿನಲ್ಲಿ ಹಗಲೆಲ್ಲ ಕಂಪ್ಯೂಟರಿನ ಮುಂದೆ ಕುಳಿತು ಗಳಿಸಿದ ಮೌನವನ್ನು ಶನಿವಾರದ ಕನ್ನಡದವರ ಊಟದ ಕೂಟಗಳಲ್ಲಿ ವೆಚ್ಚ ಮಾಡುತ್ತಿದ್ದೆ. ಎದುರಿಗೆ ಹೊಸಬರು ಸಿಕ್ಕರೆ ಮೊದಲ ಪ್ರಶ್ನೆ, "ನಿಮ್ಮ ಅಡ್ಡಹೆಸರೇನ್ರಿ? ಯಾವ ಊರಿನ ಪೈಕಿ?" ಅವರು ಉತ್ತರ ಹೇಳಿ ಮುಗಿಸುವುದರೊಳಗೆ ಆ ಅಡ್ಡಹೆಸರಿನ ವ್ಯುತ್ಪತ್ತಿ, ವಲಸೆ, ಶಾಖೋಪಶಾಖೆಗಳನ್ನೆಲ್ಲ ಅವರ ತಟ್ಟೆಗೇ ಬಡಿಸಿಬಿಡುತ್ತಿದ್ದೆ. ಮೈಸೂರಿನ ಒಬ್ಬ ಹುಡುಗ ಒಮ್ಮೆ ಕೈಮುಗಿದು, "ಸಾರ್, ನಮ್ ಕಡೆ ಅಡ್ಡಹೆಸ್ರೇ ಇಲ್ಲ, ಇನಿಶಿಯಲ್ ಅಷ್ಟೇ. ನನ್ನನ್ ಬಿಟ್ಬಿಡಿ" ಎಂದು ಮೊಸರನ್ನದೊಂದಿಗೆ ಪಾರಾಗಿದ್ದ. ನನ್ನನ್ನು ದೂರದಿಂದ ಕಂಡರೆ ಜನ ಕೈತೊಳೆಯುವ ನೆಪದಲ್ಲಿ ಏಳುತ್ತಿದ್ದರೆಂದು ನನ್ನ ಹೆಂಡತಿ ಸುಮಂಗಲಾ ಹೇಳುತ್ತಾಳೆ. ಅದು ಅತ್ಯುಕ್ತಿ, ಕೆಲವರು ಕೂತೇ ಇರುತ್ತಿದ್ದರು.

ಅಡ್ಡಹೆಸರು ಕೇಳುವ ಈ ಅಭ್ಯಾಸ ಕಾಣುವಷ್ಟು ಮುಗ್ಧವಲ್ಲ ಎಂಬುದು ನಮ್ಮ ಕಡೆಯವರಿಗೆಲ್ಲ ಗೊತ್ತು, ಹೇಳುವುದಿಲ್ಲ ಅಷ್ಟೆ. ಆ ಪ್ರಶ್ನೆಯ ಹೊಟ್ಟೆಯಲ್ಲಿ ಇನ್ನೊಂದು ಪ್ರಶ್ನೆ ಇರುತ್ತದೆ. ಬಾಯಿಬಿಟ್ಟು ಜಾತಿ ಕೇಳುವುದು ಅಸಭ್ಯವೆಂದು ಕಲಿತವರು ಅದೇ ಕೆಲಸವನ್ನು ಅಡ್ಡಹೆಸರಿನಿಂದ ಸಭ್ಯವಾಗಿ ಪೂರೈಸಿಕೊಳ್ಳುತ್ತಾರೆ. ನನ್ನದು ಕೇವಲ ವಿದ್ವತ್ ಕುತೂಹಲ ಎಂದು ನಾನು ನನಗೆ ಹೇಳಿಕೊಳ್ಳುತ್ತಿದ್ದೆ. ಅಮೆರಿಕನ್ನರ ವಿಷಯದಲ್ಲಿ ಮಾತ್ರ ಬಹಳ ಎಚ್ಚರ. ನಿಮ್ಮ ಮೂಲ ಯಾವುದು ಎಂದು ಕೇಳುವುದು ಇಲ್ಲಿ ಒರಟುತನ ಎಂದು ಆಫೀಸಿನ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಹಾಗಾಗಿ ಕಂಡ ಕನ್ನಡಿಗರನ್ನೆಲ್ಲ ಕೇಳುತ್ತಿದ್ದ ಪ್ರಶ್ನೆಯನ್ನು ನಾನು ಡೋರೀನ್ ಅವರನ್ನು ಕೇಳಲೇ ಇಲ್ಲ. ನನ್ನ ಸಭ್ಯತೆಗೆ ನಾನೇ ತಲೆದೂಗಿದ್ದೂ ಉಂಟು.

ಡೋರೀನ್ ಅವರು ನಿವೃತ್ತ ಗಣಿತ ಶಿಕ್ಷಕಿ. ನನಗಿಂತ ಏಳೆಂಟು ವರ್ಷ ಹಿರಿಯರು. ಗಿಡ್ಡ ಮೈಕಟ್ಟು, ಅಗಲ ಮುಖ, ಬೆಳ್ಳಿಯ ಬಣ್ಣಕ್ಕೆ ತಿರುಗಿದ ನೀಳ ಜಡೆ. ನನ್ನ ಮಗಳು ಮೇಘನಾ ಶಾಲೆಯಲ್ಲಿದ್ದಾಗ ಬೀಜಗಣಿತ ಹೇಳಿಕೊಡಲು ಹೋಗಿ ನಾನು ಕೂಗಾಡಿ, ಅವಳು ಅತ್ತು, ಸುಮಂಗಲಾ ಇಬ್ಬರನ್ನೂ ಬೈದು ಮನೆ ರಣರಂಗವಾಗುತ್ತಿದ್ದ ಸಂಜೆಗಳಲ್ಲಿ ಕೆಳಗಿನಿಂದ ಬಂದು ಬಾಗಿಲು ತಟ್ಟಿ, "ಅವಳನ್ನು ನನ್ನ ಹತ್ತಿರ ಕಳಿಸಿ" ಎಂದವರು ಅವರು. ಅಂದಿನಿಂದ ಮೇಘನಾ ಅರ್ಧ ಅವರ ಮನೆಯಲ್ಲೇ ಬೆಳೆದಳು. ಅವರ ಗೋಡೆಯ ಮೇಲೆ ದೇವದಾರು ತೊಗಟೆಯಿಂದ ಹೆಣೆದ ಬುಟ್ಟಿಗಳಿದ್ದವು. ಪ್ರವಾಸಿಗರ ಅಂಗಡಿಯಿಂದ ತಂದವೆಂದುಕೊಂಡಿದ್ದೆ. ಪ್ರತಿ ಬೇಸಿಗೆಯಲ್ಲೂ ಅವರು ಕೆಲವು ದಿನ ದೋಣಿಯವರೊಂದಿಗೆ ಉತ್ತರಕ್ಕೆ ಹೋಗುತ್ತಿದ್ದರು. ನಿವೃತ್ತರ ಯಾವುದೋ ನೌಕಾವಿಹಾರ ಸಂಘ ಇರಬೇಕೆಂದು ತೀರ್ಮಾನಿಸಿದ್ದೆ. ಅವರ ಮುಖಚರ್ಯೆಗೆ ತಾಯಿ ಫಿಲಿಪೀನ್ಸ್‌ನವರೋ ಮೆಕ್ಸಿಕೊದವರೋ ಇದ್ದಾರು, ಅಡ್ಡಹೆಸರು ತೀರಿಹೋದ ಗಂಡನದಿದ್ದೀತು ಎಂದು ಒಂದು ವಂಶವೃಕ್ಷವನ್ನು ನಾನೇ ನೆಟ್ಟು ನೀರೆರೆದಿದ್ದೆ. ಸಂಶೋಧಕನಿಗೆ ಊಹಾಶಕ್ತಿ ಇರಬೇಕು ನೋಡಿ.

ಎದುರಿಗಿದ್ದವರನ್ನು ಕೇಳದೆ ನಾನು ಕೇಳಿದ್ದು ಇಂಟರ್ನೆಟ್ಟನ್ನು. ನಮ್ಮ ಮನೆಯ ಹತ್ತಿರದ ಟೋಟೆಮ್ ಲೇಕ್ ಬಡಾವಣೆಯ ಹಳೆಯ ಮಾಲನ್ನು ಕೆಡವಿ ಹೊಸದನ್ನು ಕಟ್ಟುತ್ತಿದ್ದ ಕಾಲ ಅದು. ಹೊರಗೆ ಯಂತ್ರಗಳ ಗದ್ದಲ, ಒಳಗೆ ನನ್ನ ಉತ್ಖನನ. ಏನು ರಸವತ್ತಾದ ಹೆಸರು ಅದು ಅಂತೀರಿ! ಇಂಗ್ಲೆಂಡಿನ ವಾಯವ್ಯಕ್ಕೆ, ಲ್ಯಾಂಕಷೈರಿನ ಒಂದು ಕಣಿವೆಯಲ್ಲಿ ಆ ಹೆಸರಿನ ಪುಟ್ಟ ಜಾಗವಿದೆ. ಸಾವಿರ ವರ್ಷಗಳ ಹಿಂದೆ ಸಮುದ್ರ ದಾಟಿ ಬಂದ ನಾರ್ವೆಯ ಕಡೆಯ ಜನ ಅಲ್ಲಿಯ ಕಾಡು ಕಡಿದು ಹೊಲ ಮಾಡಿಕೊಂಡರು. ಹಾಗೆ ಕಡಿದು ಬಯಲಾಗಿಸಿದ ನೆಲಕ್ಕೆ ಅವರ ಭಾಷೆಯಲ್ಲಿ ಥ್ವೇಟ್. ಹೇಥಾರ್ನ್ ಎಂದರೆ ಬೇಲಿಗೆ ಬೆಳೆಸುವ, ಬಿಳಿ ಹೂ ಬಿಡುವ ಒಂದು ಮುಳ್ಳುಗಿಡ. ಅಂದರೆ ಮುಳ್ಳುಕಂಟಿ ಸವರಿ ಮಾಡಿದ ಹೊಲ! ನಮ್ಮ ಜಾಲಿಹಾಳದವರಿಗೆ ಕೋಟು ಹಾಕಿಸಿದರೆ ಹೇಥಾರ್ನ್‌ಥ್ವೇಟ್ ಆಗುತ್ತಾರೆ ಎಂದು ಹೊಳೆದ ದಿನ ನಾನು ಕುಣಿದಾಡುವುದೊಂದು ಬಾಕಿ.

ಇದರ ಜೊತೆಗೆ ಒಂದು ನಿಯಮವೂ ಕೈಗೆ ಸಿಕ್ಕಿತು. ಅದು ನಮ್ಮ ಕಡೆಗೂ ಇಂಗ್ಲೆಂಡಿಗೂ ಸಮಾನವಾಗಿ ಅನ್ವಯಿಸುವಂಥದು. ಊರಿನ ಹೆಸರು ಮನುಷ್ಯನ ಅಡ್ಡಹೆಸರಾಗಬೇಕಾದರೆ ಅವನು ಆ ಊರನ್ನು ಬಿಟ್ಟಿರಬೇಕು. ಜಾಲಿಹಾಳದಲ್ಲೇ ಇರುವವನನ್ನು ಯಾರೂ ಜಾಲಿಹಾಳ ಎಂದು ಕರೆಯುವುದಿಲ್ಲ, ಕರೆದರೆ ಇಡೀ ಊರೇ ಓ ಎನ್ನಬೇಕಾಗುತ್ತದೆ. ಅವನು ಪಕ್ಕದ ಊರಿಗೆ ಹೋಗಿ ನೆಲೆಸಿದಾಗ ಬಿಟ್ಟು ಬಂದ ಊರು ಅವನ ಬೆನ್ನಿಗೆ ಅಂಟಿಕೊಳ್ಳುತ್ತದೆ. ಅಡ್ಡಹೆಸರೆಂದರೆ ಊರು ಬಿಟ್ಟವರ ಹೆಸರು. ಈ ವಾಕ್ಯ ನನಗೆ ಎಷ್ಟು ಇಷ್ಟವಾಯಿತೆಂದರೆ ಇದನ್ನು ಎಲ್ಲಾದರೂ ಹತ್ತು ಜನರ ಮುಂದೆ ಹೇಳದಿದ್ದರೆ ಅಜೀರ್ಣವಾಗುತ್ತದೆ ಅನ್ನಿಸಿತು.

ಸಂದರ್ಭ ಒದಗಿ ಬಂತು. ಮೇಘನಾ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಳು. ತವರೆಂದರೆ ದೂರವೇನಲ್ಲ; ಸಿಯಾಟಲ್‌ನ ಡೆನ್ನಿ ಟ್ರಯಾಂಗಲಿನಲ್ಲಿ ಕಂಪನಿಯೊಂದು ದೊಡ್ಡ ಗಾಜಿನ ಗೋಳಗಳನ್ನು ಕಟ್ಟುತ್ತಿದ್ದ ಜಾಗದ ಪಕ್ಕದ ಗೋಪುರದಲ್ಲಿದ್ದ ತನ್ನ ಮನೆಯಿಂದ ಸರೋವರದ ಸೇತುವೆ ದಾಟಿ ನಮ್ಮ ಮನೆಗೆ. ಹೆಣ್ಣು ಮಗು ಹುಟ್ಟಿತು. ತೊಟ್ಟಿಲಿಗೆ ಹಾಕಿ ಹೆಸರಿಡುವ ದಿನ ಗೊತ್ತಾಯಿತು. ನಮ್ಮಲ್ಲಿ ಹೆಸರಿಡುವ ಹಕ್ಕು ಸೋದರತ್ತೆಯದು, ಅಂದರೆ ಮಗುವಿನ ಅಪ್ಪನ ಅಕ್ಕನದೋ ತಂಗಿಯದೋ. ಆಕೆ ತೊಟ್ಟಿಲ ಮೇಲೆ ಬಾಗಿ ಮಗುವಿನ ಕಿವಿಯಲ್ಲಿ ಕುರ್ರ್ ಎಂದು ಹೆಸರನ್ನು ಉಸುರಬೇಕು. ಬಾಗಿದ ಆಕೆಯ ಬೆನ್ನ ಮೇಲೆ ಸುತ್ತ ನೆರೆದ ಹೆಂಗಸರೆಲ್ಲ ಧಬಧಬ ಗುದ್ದಬೇಕು. ಯಾಕೆಂದು ಕೇಳಬೇಡಿ. ಹೆಸರಿಡುವುದು ಸುಲಭದ ಕೆಲಸವಲ್ಲ ಎಂದು ನೆನಪಿಸುವುದಕ್ಕೆ ಇದ್ದರೂ ಇರಬಹುದು. ಅಳಿಯನ ತಂಗಿ ಧಾರವಾಡದಲ್ಲಿ ವೀಸಾ ಸಂದರ್ಶನದ ದಿನಕ್ಕೆ ಕಾಯುತ್ತ ಕುಳಿತಿದ್ದಳು. ಅತ್ತೆಯಿಲ್ಲದೆ ಹೆಸರಿಡುವುದು ಹೇಗೆ ಎಂಬ ಚಿಂತೆಗೆ ಪರಿಹಾರ ಹೇಳಿದವಳು ಮೇಘನಾ. "ಡೋರೀನ್ ಆಂಟಿ ವಿಲ್ ಡೂ ಇಟ್. ನಂಗೆ ಅವ್ರೇ ಬೇಕು." ಹೇಳಿ ಕಳಿಸಿದ್ದೇ ತಡ, ಡೋರೀನ್ ಅವರು ಕಣ್ಣೊರೆಸಿಕೊಂಡು ಒಪ್ಪಿದರು. ಮಗುವಿನ ತೊಟ್ಟಿಲ ಹೆಸರು ನನ್ನ ತಾಯಿಯದು, ಗಂಗವ್ವ. ಆ ಒತ್ತಕ್ಷರ ನಾಲಗೆಗೆ ಒಗ್ಗಲೆಂದು ಅವರು ದಿನಾ ಮೇಲೆ ಬಂದು ಸುಮಂಗಲೆಯ ಮುಂದೆ ಕುಳಿತು ಅಭ್ಯಾಸ ಮಾಡಿದರು. ಅವರು ನಮ್ಮ ಹೆಸರನ್ನು ಕಲಿಯುತ್ತಿದ್ದಾಗ ಒಳಗಿನ ಕೋಣೆಯಲ್ಲಿ ನಾನು ಅವರ ಹೆಸರಿನ ಮೇಲೆ ಭಾಷಣ ಸಿದ್ಧಪಡಿಸುತ್ತಿದ್ದೆ. ಯಾರಿಗೂ ಹೇಳಿರಲಿಲ್ಲ. ಡೋರೀನ್ ಅವರಿಗೆ ಅದು ನನ್ನ ಅನಿರೀಕ್ಷಿತ ಉಡುಗೊರೆಯಾಗಬೇಕಿತ್ತು.

ಆ ದಿನ ಮನೆ ತುಂಬಿತ್ತು. ಬಳಗದಲ್ಲಿ ಮನೆಯಿಂದ ಮನೆಗೆ ಸುತ್ತುವ ಕಬ್ಬಿಣದ ಕಾಲಿನ ತೊಟ್ಟಿಲು ನಮ್ಮ ಸರದಿಗೆ ಬಂದು ಹೂಮಾಲೆ ಹೊತ್ತು ನಿಂತಿತ್ತು. ಗುಗ್ಗರಿಯ ಕಡಲೆ ಒಲೆಯ ಮೇಲೆ ಬೇಯುತ್ತಿತ್ತು. ಡೋರೀನ್ ಅವರು ಸುಮಂಗಲೆಯ ಇಳಕಲ್ ಸೀರೆ ಉಟ್ಟು, ಬೆನ್ನು ನೆಟ್ಟಗೆ ಮಾಡಿಕೊಂಡು ಕುರ್ಚಿಯ ಅಂಚಿನಲ್ಲಿ ಕುಳಿತಿದ್ದರು. ನಾನು ಗಂಟಲು ಸರಿಮಾಡಿಕೊಂಡು ಎದ್ದು ನಿಂತಾಗ ಮೇಘನಾ ಕೋಣೆಯ ಬಾಗಿಲಿನಿಂದ, "ಅಪ್ಪಾ, ನಾಟ್ ಟುಡೇ, ಪ್ಲೀಸ್" ಎಂದಳು. "ಇವತ್ತೊಂದಿನಾರ ಸುಮ್ನ ಕೂಡ್ರಿ" ಎಂದು ಸುಮಂಗಲಾ ಹಲ್ಲು ಕಚ್ಚಿ ಹೇಳಿದಳು. ಎಂದಿನ ನನ್ನ ಕೊರೆತಕ್ಕೆ ಹೆದರಿದ್ದಾರೆಂದು ತಿಳಿದು ನಾನು ಇಬ್ಬರಿಗೂ ಅಭಯಹಸ್ತ ತೋರಿಸಿದೆ.

ಇಂಗ್ಲಿಷಿನಲ್ಲೇ ಮಾತಾಡಿದೆ, ಎಲ್ಲರಿಗೂ ತಿಳಿಯಲೆಂದು. ನಾರ್ವೆಯಿಂದ ಹೊರಟು, ಲ್ಯಾಂಕಷೈರಿನಲ್ಲಿ ಮುಳ್ಳುಕಂಟಿ ಸವರಿ, ಜಾಲಿಹಾಳದ ಮೇಲಿಂದ ಹಾದು, ಊರು ಬಿಟ್ಟವರ ನಿಯಮಕ್ಕೆ ಬಂದೆ. ಅಲ್ಲಿಗಾದರೂ ನಿಲ್ಲಿಸಬಹುದಿತ್ತು. ನಾಲಗೆ ತಡೆಯಲಿಲ್ಲ. ಡೋರೀನ್ ಅವರ ಪೂರ್ವಿಕರು ಸಮುದ್ರ ದಾಟಿ ಬಂದರು, ಕಾಡು ಕಡಿದು ನೆಲವನ್ನು ಹಸನು ಮಾಡಿದರು. ನಾವೂ ಸಮುದ್ರ ದಾಟಿ ಬಂದವರು. ಆದ್ದರಿಂದ ಇವರು ಹೊರಗಿನವರಲ್ಲ, ನಮ್ಮಂತೆಯೇ ಈ ನೆಲಕ್ಕೆ ಬಂದು ಬೇರೂರಿದ ಬಳಗ, ಸೋದರತ್ತೆಯಾಗುವುದಕ್ಕೆ ಇದಕ್ಕಿಂತ ಹೆಚ್ಚಿನ ಅರ್ಹತೆ ಬೇಕೆ ಎಂದು ಕೈ ಚಾಚಿ ಮುಗಿಸಿದೆ. ನಾಲ್ಕು ಜನ ಚಪ್ಪಾಳೆ ತಟ್ಟಿದರು. ಮೇಘನಾ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡದ್ದನ್ನು ಆಗ ನೋಡಿದೆ. ಸುಮಂಗಲಾ ನೆಲ ನೋಡುತ್ತಿದ್ದಳು. ಚಪ್ಪಾಳೆ ತಾನಾಗಿ ನಿಂತಿತು.

ಡೋರೀನ್ ಅವರು ಎದ್ದು ನಿಂತರು. ಅವರ ಮಾತನ್ನು ನಮ್ಮ ಭಾಷೆಗೆ ಇಳಿಸಿ ಹೇಳುತ್ತೇನೆ. ಆ ತಣ್ಣಗಿನ ದನಿಯನ್ನು ಇಳಿಸುವುದು ನನ್ನ ಕೈಲಾಗದು. ಹುಡುಗರ ಲೆಕ್ಕದಲ್ಲಿ ದಾರಿ ತಪ್ಪಿದ ಸಾಲನ್ನು ತೋರಿಸುವ ಮೇಡಂ ಹಾಗೆ ನಿಧಾನವಾಗಿ ಹೇಳಿದರು. "ಅದು ನನ್ನ ತಾತನಿಗೆ ಶಾಲೆಯಲ್ಲಿ ಕೊಟ್ಟ ಹೆಸರು. ಈ ನೆಲದ ಮೂಲನಿವಾಸಿಗಳಾದ ನಮ್ಮ ಜನರ ಮಕ್ಕಳನ್ನು ಸರ್ಕಾರ ಮನೆಯಿಂದ ಕರೆದೊಯ್ದು ಇಟ್ಟುಕೊಳ್ಳುತ್ತಿದ್ದ ಶಾಲೆ. ಕೂದಲು ಕತ್ತರಿಸಿದರು, ಭಾಷೆ ಬಿಡಿಸಿದರು, ಹೆಸರು ಬದಲಿಸಿದರು. ಆ ಹೆಸರು ಯಾರೋ ಮೇಷ್ಟರದಂತೆ. ಶಾಲೆಗೆ ಹಿಟ್ಟು ಮಾರುತ್ತಿದ್ದವನದು ಎಂದೂ ಮನೆಯಲ್ಲಿ ಹೇಳುತ್ತಿದ್ದರು. ಗೊತ್ತಿಲ್ಲ." ನನ್ನ ಕಡೆ ತಿರುಗಿದರು. "ನಿಮ್ಮ ನಿಯಮ ಚೆನ್ನಾಗಿದೆ. ಊರು ಬಿಟ್ಟವರಿಗೆ ಊರಿನ ಹೆಸರು. ಆದರೆ ನನ್ನ ತಾತನ ಮನೆತನ ಎಲ್ಲಿಗೂ ಹೋಗಿರಲಿಲ್ಲ. ಇದೇ ನೀರಿನ ದಡದಲ್ಲಿ ಇದ್ದರು. ಕಾಡು ಕಡಿದವರು ನಾವಲ್ಲ. ಕಡಿದದ್ದು ನಮ್ಮ ಕಾಡನ್ನು."

ಅಷ್ಟೇ ಹೇಳಿ ನೀರು ಕುಡಿಯಲು ಅಡುಗೆಮನೆಗೆ ಹೋದರು.

ನನಗೆ ಆದದ್ದು ನಾಚಿಕೆ. ಮುಜುಗರ, ಸಂಕೋಚ, ಇರಿಸುಮುರಿಸು ಎಂಬ ಮೆತ್ತನೆಯ ಪದಗಳಿವೆ, ಅವು ಯಾವುವೂ ಸಾಲವು. ನಿಂತ ಜಾಗದಲ್ಲೇ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಭೂಮಿ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೂ ಕೆಳಗೆ ಸಿಗುತ್ತಿದ್ದುದು ಡೋರೀನ್ ಅವರ ಮನೆಯೇ. ನಾನು ಮೇಘನಾಳ ಕಡೆ ನೋಡಿದೆ. "ಶಿ ಟೋಲ್ಡ್ ಮಿ ವೆನ್ ಐ ವಾಸ್ ಟ್ವೆಲ್ವ್, ಅಪ್ಪಾ. ಯು ನೆವರ್ ಆಸ್ಕ್ಡ್," ಎಂದಳು. ಸುಮಂಗಲೆಗೂ ಗೊತ್ತಿತ್ತು. ಅವಳು ಬುಟ್ಟಿಗಳನ್ನು ಹೆಣೆದದ್ದು ಯಾರೆಂದು ಕೇಳಿದ್ದಳಂತೆ. ಡೋರೀನ್ ಅವರು ತಮ್ಮ ಅಜ್ಜಿ ಎಂದಿದ್ದರಂತೆ. ಬೇಸಿಗೆಯ ಆ ದೋಣಿಗಳೂ ಅವರ ಜನರ ವರ್ಷದ ಯಾತ್ರೆಯವಂತೆ. ಒಂದು ಮಧ್ಯಾಹ್ನದ ಚಹಾದಲ್ಲಿ ಎಲ್ಲವನ್ನೂ ಹೇಳಿ, ಕೇಳಿ ಮುಗಿಸಿದ್ದರಂತೆ. "ನಿಮಗ್ಯಾಕ ಹೇಳಲಿಲ್ಲ ಅಂದ್ರ, ನೀವು ಅದನ್ನೂ ಒಂದು ಭಾಷಣಾ ಮಾಡ್ತಿದ್ರಿ" ಎಂದು ಅವಳು ಪಿಸುಗುಟ್ಟಿದಳು. ಮನೆಯಲ್ಲಿ ಇದ್ದ ಏಕೈಕ ಅಡ್ಡಹೆಸರಿನ ವಿದ್ವಾಂಸನಿಗೆ ಮಾತ್ರ ಮನೆಯ ಕೆಳಗಿನ ಸಂಗತಿ ತಿಳಿದಿರಲಿಲ್ಲ. ಹೆಸರಿನ ಬಗ್ಗೆ ಓದಿದ್ದೆನೇ ಹೊರತು ಹೆಸರಿಟ್ಟುಕೊಂಡವರ ಬಗ್ಗೆ ಯೋಚಿಸಿರಲಿಲ್ಲ. ಒಂದೇ ಒಂದು ಒರಟು ಪ್ರಶ್ನೆ ಕೇಳಿದ್ದರೆ ಈ ನಯವಾದ ಅಪಚಾರ ತಪ್ಪುತ್ತಿತ್ತು.

ಹೆದರಿದ್ದು ಇನ್ನೊಂದಕ್ಕೆ. ಡೋರೀನ್ ಅವರು ಸೀರೆ ಬಿಚ್ಚಿಟ್ಟು ಕೆಳಗಿಳಿದು ಹೋಗಿಬಿಟ್ಟರೆ? ಹೋಗುವ ಹಕ್ಕು ಅವರಿಗೆ ಖಂಡಿತ ಇತ್ತು. ಮೇಘನಾಳ ಮಗುವಿಗೆ ಅತ್ತೆ ಇಲ್ಲವಾಗುತ್ತಿದ್ದಳು, ಅದೂ ನನ್ನ ನಾಲಗೆಯಿಂದ. ಅಡುಗೆಮನೆಗೆ ಹೋಗಿ ಅವರ ಎದುರು ನಿಂತೆ. ಕ್ಷಮೆ ಕೇಳಿದೆ. ಅವರು ತಲೆ ಆಡಿಸಿದರು. ಒಪ್ಪಿದರೋ ಕೇಳಿಸಿಕೊಂಡರೋ ತಿಳಿಯಲಿಲ್ಲ. ಅಲ್ಲಿಗೆ ಸುಮ್ಮನಾಗಬೇಕಿತ್ತಲ್ಲವೇ? ಆದರೆ ಅಭ್ಯಾಸಬಲ ನೋಡಿ, ನನ್ನ ಬಾಯಿಂದ ಹೊರಟದ್ದು ಇದು: "ಹಾಗಾದರೆ ನಿಮ್ಮ ತಾತನ ನಿಜವಾದ ಹೆಸರು ಯಾವುದು?"

ಡೋರೀನ್ ಅವರು ಲೋಟವನ್ನು ಕೆಳಗಿಟ್ಟರು. "ನಮ್ಮಲ್ಲೂ ಹೆಸರನ್ನು ಜನರ ಮುಂದೆ ಕೊಡುತ್ತಾರೆ. ನೆರೆದವರು ಅದಕ್ಕೆ ಸಾಕ್ಷಿ. ಸಿಂಕಿನ ಪಕ್ಕ ನಿಂತು ಹೇಳುವ ಹೆಸರಲ್ಲ ಅದು," ಎಂದರು. ಕೋಪ ಇರಲಿಲ್ಲ. ಇದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಮುಖ ಎಲ್ಲಿಡಬೇಕೋ ತೋಚದೆ ನಾನು ಗುಗ್ಗರಿಯ ಪಾತ್ರೆಯ ಮುಚ್ಚಳ ತೆಗೆದು ಬೇಯುವ ಕಡಲೆಯನ್ನೇ ಪರೀಕ್ಷಿಸುತ್ತ ನಿಂತೆ. ಆಗ ಸುಮಂಗಲಾ ಬಾಗಿಲಿನಿಂದ, "ಬರ್ರಿ ಡೋರೀನಕ್ಕಾ, ಕೂಸು ಎದ್ದದ" ಎಂದು ಕನ್ನಡದಲ್ಲೇ ಕರೆದಳು. ಡೋರೀನ್ ಅವರು ಸೆರಗು ಸರಿಮಾಡಿಕೊಂಡು ಅವಳ ಹಿಂದೆ ಹೋದರು.

ತೊಟ್ಟಿಲ ಸುತ್ತ ಹೆಂಗಸರು ನಿಂತರು. ಡೋರೀನ್ ಅವರು ಬಾಗಿ ಮಗುವಿನ ಕಿವಿಗೆ ಬಾಯಿ ಹಚ್ಚಿ ಕುರ್ರ್ ಎಂದರು. ಆಮೇಲೆ, ಗಂಗವ್ವ. ಒತ್ತಕ್ಷರ ಇರಬೇಕಾದಲ್ಲೇ ಇತ್ತು. ನನ್ನ ತಾಯಿಯ ಹೆಸರನ್ನು ಅಷ್ಟು ಜತನದಿಂದ ಯಾರಾದರೂ ಹೇಳಿದ್ದನ್ನು ನಾನು ಕೇಳಿದ ನೆನಪಿಲ್ಲ. ಈಗ ಗುದ್ದಬೇಕಿತ್ತು. ಯಾರ ಕೈಯೂ ಏಳಲಿಲ್ಲ. ಈಗಷ್ಟೇ ಕೇಳಿದ ಮಾತಿನ ಮೇಲೆ ಆ ಬೆನ್ನಿಗೆ ಹೊಡೆಯಲು, ಆಟಕ್ಕಾದರೂ, ಯಾರಿಗೆ ಮನಸ್ಸು ಬಂದೀತು? ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಡೋರೀನ್ ಅವರು ಬಾಗಿದಂತೆಯೇ ಕಾದರು, ಕಾದು ತಲೆ ಎತ್ತಿದರು. "ಏಟು ಎಲ್ಲಿ? ಸುಮಂಗಲಾ ಮಾತು ಕೊಟ್ಟಿದ್ದಳು." ಯಾರೂ ಮಿಸುಕದ್ದನ್ನು ಕಂಡು ನನ್ನತ್ತ ಬೆರಳು ಮಾಡಿದರು. "ಸರಿ. ನನ್ನ ಪಾಲಿನದನ್ನು ಅವರಿಗೆ ಕೊಡಿ."

ನಮ್ಮ ಕಡೆ ಗಂಡಸಿಗೆ ಈ ಮರ್ಯಾದೆ ಸಲ್ಲುವ ಪದ್ಧತಿಯಿಲ್ಲ. ಅಂದು ಸಂದಿತು. ಅಡ್ಡಹೆಸರಿನ ವ್ಯಾಖ್ಯಾನ ಕೇಳಿ ಕೇಳಿ ವರ್ಷಗಟ್ಟಲೆ ಬೇಸತ್ತ ಹೆಂಗಸರು ಹುರುಪಿನಿಂದ ಮುನ್ನುಗ್ಗಿದರು. ಸುಮಂಗಲೆಯದು ಮೊದಲ ಗುದ್ದು, ಬಾಣಂತಿ ಮೇಘನಾಳದು ಎರಡನೆಯದು. ಮನೆ ನಗೆಯಿಂದ ತುಂಬಿತು. ನಾನೂ ಮೊಣಕಾಲ ಮೇಲೆ ಕೈಯೂರಿ ಬಾಗಿ ನಗುತ್ತಿದ್ದೆ, ಅಷ್ಟರಲ್ಲೇ ಮುಗಿಯಿತೆಂದು ಒಳಗೊಳಗೆ ಹಗುರಾಗುತ್ತಿದ್ದೆ. ಕೊನೆಗೆ ಒಂದು ಏಟು ಬಿತ್ತು. ಅದು ಆಟದ್ದಾಗಿರಲಿಲ್ಲ. ಅಂಗೈ ಅಗಲಿಸಿ ಪೂರ್ತಿ ಬಲದಿಂದ ಹಾಕಿದ್ದು, ಉಸಿರು ಕಟ್ಟಿತು. ಯಾರ ಕೈಯೆಂದು ತಿರುಗಿ ನೋಡಬೇಕಾಗಿರಲಿಲ್ಲ. ನಾನು ಬೆನ್ನು ನೆಟ್ಟಗೆ ಮಾಡದೆ ಹಾಗೆಯೇ ನಿಂತು ಇನ್ನೊಂದಕ್ಕೆ ಕಾದೆ. ಬರಲಿಲ್ಲ. ತಲೆ ಎತ್ತಿದಾಗ ಡೋರೀನ್ ಅವರು ಆಗಲೇ ನನಗೆ ಬೆನ್ನು ಮಾಡಿ, ತೊಟ್ಟಿಲು ತೂಗುತ್ತ, ಮಗುವನ್ನು ಗಂಗವ್ವ ಎಂದು ಕರೆದು ಮಾತಾಡಿಸುತ್ತಿದ್ದರು.